ಮುಚ್ಚಿಹೋಗುತ್ತಿರುವ ಅಂಗಡಿಯ ಅಗ್ಗದ ಕ್ರಿಸ್ಮಸ್ ಪೊಟ್ಟಣ: ದುಡ್ಡು ಕೊಡುವ ಮುನ್ನ ಇದನ್ನು ಓದಿ

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನೆಲೆಸಿರುವ ನಮಗೆ ಕ್ರಿಸ್ಮಸ್ ಮನೆತನದಿಂದ ಬಂದ ಹಬ್ಬವಲ್ಲ; ಮಕ್ಕಳು ಇಲ್ಲಿನ ಶಾಲೆಗೆ ಸೇರಿದ ಮೇಲೆ ತಾನಾಗಿಯೇ ಮನೆಯೊಳಗೆ ಬಂದದ್ದು. ಡಿಸೆಂಬರ್ 24ರ ರಾತ್ರಿ ಮಂಚದ ತುದಿಗೆ ಉದ್ದನೆಯ ಕೆಂಪು ಕಾಲುಚೀಲ ಕಟ್ಟಬೇಕು, ಬೆಳಗಾಗುವಷ್ಟರಲ್ಲಿ ಅದರ ತುಂಬ ಚಿಕ್ಕಪುಟ್ಟ ವಸ್ತುಗಳಿರಬೇಕು. ಆ ದಿನಗಳಲ್ಲಿ ತುಮಕೂರಿನಿಂದ ಬಂದಿದ್ದ ನನ್ನ ತಾಯಿ, "ಕಾಲಿಗೆ ಹಾಕೋ ಚೀಲದಲ್ಲಿ ಕಿತ್ತಳೆಹಣ್ಣು ಇಡ್ತಾರೇನೇ?" ಎಂದು ಮುಖ ಸಿಂಡರಿಸಿದ್ದರು. ಸಂತ ನಿಕೊಲಾಸ್ ಎಂಬ ಬಿಷಪ್ ಬಡ ತಂದೆಯೊಬ್ಬನ ಮೂವರು ಹೆಣ್ಣುಮಕ್ಕಳ ಮದುವೆಗಾಗಿ ರಾತ್ರಿ ಗುಟ್ಟಾಗಿ ಚಿನ್ನ ಎಸೆದನೆಂದೂ, ಅದು ಒಣಹಾಕಿದ್ದ ಕಾಲುಚೀಲದೊಳಗೆ ಬಿತ್ತೆಂದೂ, ಇಂದಿನ ಕಿತ್ತಳೆಯೂ ಚಿನ್ನದ ಕಾಗದದ ಚಾಕೊಲೇಟ್ ನಾಣ್ಯಗಳೂ ಅದರ ನೆನಪೆಂದೂ ಕಥೆ ಹೇಳಿದಾಗ, "ವರದಕ್ಷಿಣೆ ವಿಷಯ ಅಂದ್ಮೇಲೆ ಇದು ನಮ್ಮ ಕಡೆ ಕಥೇನೇ ಬಿಡು" ಎಂದು ಸಮಾಧಾನಪಟ್ಟರು.

ಕಥೆ ಸರಳವಾಗಿದ್ದರೂ ಲೆಕ್ಕ ಸರಳವಾಗಿರಲಿಲ್ಲ. ಏಳು ವರ್ಷದ ಮಗಳು, ಮೂರು ತುಂಬದ ಮಗ, ಯಜಮಾನರು, ಅಮ್ಮ, ಮ್ಯಾಂಚೆಸ್ಟರಿನಿಂದ ಬರಲಿದ್ದ ಮೈದುನ, ಹೀಗೆ ಐದು ಚೀಲಗಳು. ಒಂದೊಂದಕ್ಕೆ ಆರೇಳು ವಸ್ತು, ವಸ್ತುವಿಗೆ ಎರಡೋ ಮೂರೋ ಪೌಂಡ್ ಎಂದು ಹಿಡಿದರೂ ಮೊತ್ತ 80 ಪೌಂಡ್ ದಾಟುತ್ತಿತ್ತು. ಕಳೆದ ನವೆಂಬರ್ ಕೊನೆಯ ವಾರದಲ್ಲಿ ಇದೇ ಚಿಂತೆಯಲ್ಲಿದ್ದಾಗ ಮೊಬೈಲಿನಲ್ಲಿ ಜಾಹೀರಾತೊಂದು ಕಾಣಿಸಿಕೊಂಡಿತು.

ಅದರಲ್ಲಿ ಹಿಮ ಬಿದ್ದ ಬೀದಿಯ ಹಳೆಯ ಅಂಗಡಿಯೊಂದರ ಮುಂದೆ ವಯಸ್ಸಾದ ದಂಪತಿ ನಿಂತಿದ್ದರು. ಮೂವತ್ತು ವರ್ಷ ನಡೆಸಿದ ಅಂಗಡಿಯನ್ನು ಈ ಕ್ರಿಸ್ಮಸ್‌ಗೆ ಮುಚ್ಚುತ್ತಿದ್ದೇವೆ, ಉಳಿದ ಸರಕನ್ನು ಒಳ್ಳೆಯ ಮನೆಗಳಿಗೆ ತಲುಪಿಸಿದರೆ ಸಾಕು ಎಂಬ ಬರಹ. ಇಡೀ ಕುಟುಂಬದ ಚೀಲಗಳಿಗಾಗುವ 30 ವಸ್ತುಗಳ ಪೊಟ್ಟಣಕ್ಕೆ ಹಳೆಯ ಬೆಲೆ 89.99 ಪೌಂಡ್ ಹೊಡೆದುಹಾಕಿ 34.99 ಎಂದು ಬರೆದಿತ್ತು. ಚಿತ್ರದಲ್ಲಿ ಮರದ ಬುಗುರಿ, ಉಣ್ಣೆಯ ಕೈಗವಸು, ತಗಡಿನ ಡಬ್ಬಿಯಲ್ಲಿ ಇಸ್ಪೀಟು, ಪುಟ್ಟ ಟಾರ್ಚು. ಕೆಳಗೆ 14 ನಿಮಿಷ 59 ಸೆಕೆಂಡಿನಿಂದ ಇಳಿಯುತ್ತಿದ್ದ ಗಡಿಯಾರ. ಅಡುಗೆಮನೆಗೆ ಹೋಗಿ ಬಂದು ಪುಟವನ್ನು ಮತ್ತೆ ತೆರೆದಾಗ ಗಡಿಯಾರ ಪುನಃ 14 ನಿಮಿಷ 59 ಸೆಕೆಂಡಿನಿಂದಲೇ ಶುರುವಾಯಿತು. ಅಷ್ಟು ಕಂಡಮೇಲಾದರೂ ನಾನು ನಿಲ್ಲಬೇಕಿತ್ತು. ವಿಳಾಸದ ಕೊನೆಯಲ್ಲಿ ಡಾಟ್ ಕೋ ಡಾಟ್ ಯುಕೆ ಎಂದಿದ್ದುದನ್ನು ನಂಬಿ ಡೆಬಿಟ್ ಕಾರ್ಡಿನಲ್ಲಿ ಹಣ ಕಟ್ಟಿದೆ. ಆ ಬಾಲವನ್ನು ಜಗತ್ತಿನ ಯಾವ ಮೂಲೆಯಲ್ಲಿದ್ದವರೂ ಕೊಂಡುಕೊಳ್ಳಬಹುದು ಎಂಬುದು ನನಗೆ ಆಮೇಲೆ ತಿಳಿಯಿತು.

ಐದು ದಿನದಲ್ಲಿ ಬರಬೇಕಿದ್ದ ಪೊಟ್ಟಣ ಡಿಸೆಂಬರ್ 21ರಂದು, ಚೀನಾದ ಅಂಚೆಚೀಟಿ ಹೊತ್ತ ಬೂದು ಬಣ್ಣದ ಪ್ಲಾಸ್ಟಿಕ್ ಚೀಲದಲ್ಲಿ ಬಂತು. ಒಡೆದ ಕೂಡಲೇ ಹೊಸ ಟೈರಿನಂಥ ನಾತ ಹೊಡೆಯಿತು. 30 ವಸ್ತುಗಳಿದ್ದದ್ದು ನಿಜ, ಆದರೆ ಅವುಗಳಲ್ಲಿ 12 ಒಂದೇ ಬಗೆಯ ಸ್ಟಿಕ್ಕರ್ ಹಾಳೆಗಳು. ಮರದ ಬುಗುರಿಯ ಜಾಗದಲ್ಲಿ ಬೆರಳುದ್ದದ ಪ್ಲಾಸ್ಟಿಕ್ ಬುಗುರಿ, ಕೈಗವಸು ನನ್ನ ಮಗಳ ಗೊಂಬೆಗೆ ಸರಿಹೋಗುವಷ್ಟು.

ಇಷ್ಟೇ ಆಗಿದ್ದರೆ ಮೂವತ್ತೈದು ಪೌಂಡ್ ನೀರುಪಾಲಾಯಿತೆಂದು ಸುಮ್ಮನಾಗುತ್ತಿದ್ದೆ, ಈ ಬರಹದ ಅಗತ್ಯವೂ ಇರುತ್ತಿರಲಿಲ್ಲ. ನಾನು ವಸ್ತುಗಳನ್ನು ಮೇಜಿನ ಮೇಲೆ ಎಣಿಸಿಡುತ್ತಿದ್ದಾಗ ಮಗ ಹಿಮಸಾರಂಗದ ಆಕಾರದ, ಒತ್ತಿದರೆ ಮೂಗು ಬೆಳಗುವ ಪುಟ್ಟ ಟಾರ್ಚನ್ನು ಎತ್ತಿಕೊಂಡು ಹೋಗಿದ್ದ. ಎರಡು ನಿಮಿಷವೂ ಆಗಿರಲಿಕ್ಕಿಲ್ಲ, ಅಮ್ಮ "ಇವನ ಕೈಯಲ್ಲಿ ಅದೇನೋ ಬೆಳ್ಳಿ ಬಿಲ್ಲೆ ಇದೆ ನೋಡೇ" ಎಂದು ಕೂಗಿದರು. ಟಾರ್ಚಿನ ಹಿಂಬದಿಯ ಮುಚ್ಚಳ ಕಾರ್ಪೆಟ್ಟಿನ ಮೇಲೆ ಬಿದ್ದಿತ್ತು. ಅವನ ಹೆಬ್ಬೆರಳು ತೋರುಬೆರಳುಗಳ ನಡುವೆ ಬಟನ್ ಸೆಲ್ ಹೊಳೆಯುತ್ತಿತ್ತು. ಅದನ್ನು ಕಿತ್ತುಕೊಂಡು, ಒಳಗೆ ಇದ್ದದ್ದು ಒಂದೇ ಸೆಲ್ ಎಂದು ಖಾತ್ರಿಯಾಗುವವರೆಗೆ ನನ್ನ ಕೈ ನಡುಗುತ್ತಿತ್ತು. ಮುಚ್ಚಳವನ್ನು ಮತ್ತೆ ಕೂರಿಸಿ ನೋಡಿದೆ. ಸ್ಕ್ರೂ ಇಲ್ಲ, ಚಿಲಕವಿಲ್ಲ, ಉಗುರಿನಿಂದ ಮೀಟಿದರೆ ಹಾರಿಬರುತ್ತಿತ್ತು.

ಸೆಲ್ ಮೇಲೆ ಸಿಆರ್2032 ಎಂದಿತ್ತು, ಎಂದರೆ 20 ಮಿಲಿಮೀಟರ್ ಅಗಲದ, 3 ವೋಲ್ಟಿನ ಸೆಲ್. ಇಂಥದ್ದನ್ನು ಮಗು ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ಸಾಧ್ಯತೆ ಹೆಚ್ಚು, ಅಲ್ಲಿನ ತೇವದಲ್ಲಿ ವಿದ್ಯುತ್ ಹರಿದು ಕ್ಷಾರ ಹುಟ್ಟಿ, ಎರಡು ಗಂಟೆಯೊಳಗೇ ಅಂಗಾಂಶ ಸುಡತೊಡಗಬಹುದು. ನುಂಗಿದ ಮಗು ಅಳದೆಯೂ ಇರಬಹುದು, ಕೆಮ್ಮದೆಯೂ ಇರಬಹುದು. ನುಂಗಿದೆಯೆಂಬ ಅನುಮಾನ ಬಂದರೂ ಸಾಕು, ಲಕ್ಷಣಕ್ಕಾಗಿ ಕಾಯದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಧಾವಿಸಬೇಕು ಅಥವಾ ಇಲ್ಲಿನ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಬೇಕು. ವಾಂತಿ ಮಾಡಿಸಬಾರದು, ತಿನ್ನಲು ಕುಡಿಯಲು ಏನನ್ನೂ ಕೊಡಬಾರದು ಎಂಬುದು ಇಲ್ಲಿನ ವೈದ್ಯಕೀಯ ಸಲಹೆ. ಸಾಧ್ಯವಾದರೆ ಆಟಿಕೆಯನ್ನೂ ಅದರ ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ.

ಮಕ್ಕಳ ಆಟಿಕೆಯಲ್ಲಿ ಬಟನ್ ಸೆಲ್ ಇರುವ ಖಾನೆ ಬರಿಗೈಯಿಂದ ಸುಲಭವಾಗಿ ತೆರೆಯಬಾರದು ಎಂಬುದು ಬ್ರಿಟನ್ನಿನ ಸುರಕ್ಷತಾ ನಿಯಮ. ಆಟಿಕೆಯ ಮೇಲೋ ಪೊಟ್ಟಣದ ಮೇಲೋ ಸುರಕ್ಷತಾ ನಿಯಮಗಳಿಗೆ ಹೊಂದುತ್ತದೆಂದು ಸಾರುವ ಯುಕೆಸಿಎ ಅಥವಾ ಸಿಇ ಗುರುತು ಇರಬೇಕು, ತಯಾರಕರ ಹೆಸರು ವಿಳಾಸವೂ ಇರಬೇಕು. ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಬಹುದಾದ್ದರಿಂದ ನಾನು ಈಗ ವಿಳಾಸವನ್ನೇ ಮೊದಲು ಹುಡುಕುತ್ತೇನೆ. ನನಗೆ ಬಂದ 30 ವಸ್ತುಗಳಲ್ಲಿ ಒಂದರ ಮೇಲೂ ಯಾರ ಹೆಸರೂ ಇರಲಿಲ್ಲ. ಚೀಲಕ್ಕೆ ತುಂಬುವ ವಸ್ತುಗಳಲ್ಲಿರುವ ಇನ್ನೊಂದು ತೊಡಕೆಂದರೆ, ದೊಡ್ಡವರಿಗೆಂದು ಮಾರುವ ಬೆಳಕಿನ ಉಂಗುರ, ಹಾಡುವ ಕಾರ್ಡು, ಕೀಚೈನುಗಳು ಆಟಿಕೆಗಳೇ ಅಲ್ಲವೆಂದು ಮಾರಾಟಗಾರರು ವಾದಿಸಬಹುದು. ಬೆಳಗಿನ ಜಾವ ಐದು ಚೀಲಗಳನ್ನೂ ಒಟ್ಟಿಗೆ ಹಾಸಿಗೆಯ ಮೇಲೆ ಸುರಿದುಕೊಳ್ಳುವ ಮಗುವಿಗೆ ಮಾತ್ರ ಚಿಕ್ಕಪ್ಪನ ಕೀಚೈನೂ ಆಟಿಕೆಯೇ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಬಿಡಿಭಾಗಗಳನ್ನು 31.7 ಮಿಲಿಮೀಟರ್ ವ್ಯಾಸದ ಕೊಳವೆಯಲ್ಲಿ ಹಾಕಿ ಪರೀಕ್ಷಿಸುತ್ತಾರೆ. ಮನೆಯಲ್ಲಿ ಟಾಯ್ಲೆಟ್ ರೋಲಿನ ಖಾಲಿ ರಟ್ಟಿನ ಕೊಳವೆ ಅದಕ್ಕಿಂತ ತುಸು ದೊಡ್ಡದಿರುವುದರಿಂದ, ಅದರೊಳಗೆ ತೂರಿಹೋಗುವುದನ್ನೆಲ್ಲ ಚಿಕ್ಕ ಮಗುವಿನಿಂದ ದೂರವಿಡುವುದು ಒಳ್ಳೆಯದು.

ಹಣದ ವಿಷಯಕ್ಕೆ ಬಂದರೆ, ಅದೇ ರಾತ್ರಿ ಅಂಗಡಿಗೆ ಮಿಂಚಂಚೆ ಬರೆದೆ. ಬಹಳ ವಿನಯದ ಉತ್ತರ ಬಂತು: ವಸ್ತುಗಳನ್ನು ನೀವೇ ಇಟ್ಟುಕೊಳ್ಳಿ, 15 ಶೇಕಡಾ ಹಣ ವಾಪಸ್ ಕೊಡುತ್ತೇವೆ. ಒಪ್ಪದಿದ್ದಾಗ ಅದು 30 ಆಯಿತು, ಆಮೇಲೆ 40. ಪೂರ್ತಿ ಹಣವೇ ಬೇಕೆಂದು ಪಟ್ಟು ಹಿಡಿದಾಗ, ನನ್ನ ಖರ್ಚಿನಲ್ಲಿಯೇ ಪೊಟ್ಟಣವನ್ನು ಚೀನಾಕ್ಕೆ ಕಳಿಸಬೇಕೆಂದರು. ಆ ಅಂಚೆವೆಚ್ಚ ಕಟ್ಟಿದರೆ ವಾಪಸ್ ಬರುವ ಹಣದಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಈ ಚೌಕಾಸಿಯೇ ಅವರ ನಿಜವಾದ ವ್ಯಾಪಾರವೆಂದು ನನ್ನ ಅನಿಸಿಕೆ. ದಯವಿಟ್ಟು ಭಾಗಶಃ ಹಣಕ್ಕೆ ಒಪ್ಪಿಕೊಳ್ಳಬೇಡಿ, ಒಪ್ಪಿದ ಮೇಲೆ ಬ್ಯಾಂಕಿನ ಮುಂದೆ ನಿಮ್ಮ ದೂರು ಸೊರಗುತ್ತದೆ.

ಕಾನೂನು ನಮ್ಮ ಪರವಾಗಿಯೇ ಇದೆ. ಆನ್‌ಲೈನ್‌ನಲ್ಲಿ ಕೊಂಡದ್ದನ್ನು ಕೈಸೇರಿದ 14 ದಿನಗಳೊಳಗೆ ಕಾರಣ ಹೇಳದೆ ರದ್ದುಪಡಿಸುವ ಹಕ್ಕನ್ನು 2013ರ ನಿಯಮಗಳು ಕೊಟ್ಟಿವೆ. ದೋಷವಿರುವ ಅಥವಾ ವಿವರಣೆಗೆ ಹೊಂದದ ವಸ್ತುವನ್ನು 30 ದಿನಗಳೊಳಗೆ ತಿರಸ್ಕರಿಸಿ ಪೂರ್ತಿ ಹಣ ಕೇಳಬಹುದೆಂದು 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಹೇಳುತ್ತದೆ. ಆದರೆ ಎದುರಾಳಿ ಸಮುದ್ರದಾಚೆ ಕುಳಿತಿರುವಾಗ ಈ ಹಕ್ಕುಗಳನ್ನು ಹಿಡಿದುಕೊಂಡು ಯಾರ ಬಾಗಿಲು ತಟ್ಟುವುದು? ಕ್ರೆಡಿಟ್ ಕಾರ್ಡಿನವರನ್ನೂ ಹೊಣೆಗಾರರನ್ನಾಗಿಸುವ ಗ್ರಾಹಕ ಸಾಲ ಕಾಯ್ದೆಯ (ಕನ್ಸ್ಯೂಮರ್ ಕ್ರೆಡಿಟ್ ಆ್ಯಕ್ಟ್) 75ನೆಯ ಸೆಕ್ಷನ್ 100 ಪೌಂಡಿಗಿಂತ ಹೆಚ್ಚು ಬೆಲೆಯ ವಸ್ತುವಿಗೆ ಮಾತ್ರ ಅನ್ವಯಿಸುತ್ತದೆ, ನಮ್ಮಂಥ ಚಿಲ್ಲರೆ ಖರೀದಿಗೆ ಅದು ಒದಗುವುದಿಲ್ಲ. ನನಗೆ ದಾರಿಯಾದದ್ದು, ಕಟ್ಟಿದ ಹಣವನ್ನು ಬ್ಯಾಂಕಿನ ಮೂಲಕ ಮಾರಾಟಗಾರರಿಂದ ವಾಪಸ್ ಪಡೆಯುವ ಚಾರ್ಜ್‌ಬ್ಯಾಕ್. ಇದು ಕಾನೂನಿನ ಹಕ್ಕಲ್ಲ, ಕಾರ್ಡ್ ಸಂಸ್ಥೆಗಳ ನಿಯಮ. ಡೆಬಿಟ್ ಕಾರ್ಡಿಗೂ ಉಂಟು, ಸಾಮಾನ್ಯವಾಗಿ 120 ದಿನಗಳ ಗಡುವಿರುತ್ತದೆ. ಜಾಹೀರಾತಿನ ಚಿತ್ರ, ಬಂದ ವಸ್ತುಗಳ ಚಿತ್ರ, ಮಿಂಚಂಚೆಗಳು, ಚೀನಾದ ಚೀಟಿ ಎಲ್ಲವನ್ನೂ ಬ್ಯಾಂಕಿಗೆ ಒದಗಿಸಿದ ಮೇಲೆ ಜನವರಿಯಲ್ಲಿ ಪೂರ್ತಿ ಹಣ ಬಂತು. ಕೊಂಡ ದಿನವೇ ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದು ನನ್ನ ಜಾಣತನವಲ್ಲ, ಅಕ್ಕನಿಗೆ ಹೆಮ್ಮೆಯಿಂದ ಕಳಿಸಿದ್ದೆ, ಅದೇ ಕೈಹಿಡಿಯಿತು. ಟಾರ್ಚಿನ ಬಗ್ಗೆ ಸಿಟಿಜನ್ಸ್ ಅಡ್ವೈಸ್‌ನ ಗ್ರಾಹಕ ಸಹಾಯವಾಣಿಗೆ (0808 223 1133) ದೂರು ಕೊಟ್ಟೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮೋಸದ, ಅಪಾಯದ ಸರಕಿನ ಮೇಲೆ ಕ್ರಮ ಕೈಗೊಳ್ಳುವ ಸ್ಥಳೀಯ ಆಡಳಿತದ ವಿಭಾಗವಾದ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್‌ಗೆ ಮಾಹಿತಿ ತಲುಪುವುದು ಆ ಮೂಲಕವೇ.

ಕೊಳ್ಳುವ ಮುನ್ನ ಐದು ನಿಮಿಷ ಕೊಟ್ಟಿದ್ದರೆ ಇದೆಲ್ಲ ತಪ್ಪುತ್ತಿತ್ತು. ಇಲ್ಲಿನ ಗ್ರಾಹಕರಿಗೆ ಆನ್‌ಲೈನ್‌ನಲ್ಲಿ ಮಾರುವವರು ತಾವು ಯಾರು, ಎಲ್ಲಿದ್ದೇವೆ ಎಂದು ತಿಳಿಸಲೇಬೇಕು. ಆ ತಾಣದಲ್ಲಿ ಇದ್ದದ್ದು ಒಂದು ಮಿಂಚಂಚೆ ವಿಳಾಸ ಮಾತ್ರ. ವಾಪಸಾತಿಯ ನಿಯಮದ ಪುಟವನ್ನು ಕೊನೆಯವರೆಗೆ ಓದಿದ್ದರೆ ಸರಕು ಏಷ್ಯಾದ ಗೋದಾಮಿಗೆ ಹೋಗಬೇಕೆಂಬ ಸಾಲು ಕಾಣುತ್ತಿತ್ತು. ಕಂಪನಿಯೆಂದು ಹೇಳಿಕೊಂಡಿದ್ದರೆ ಇಲ್ಲಿನ ಕಂಪನಿಗಳ ಸರ್ಕಾರಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನಲ್ಲಿ ಹೆಸರನ್ನು ಪುಕ್ಕಟೆಯಾಗಿ ಹುಡುಕಬಹುದು. ಆ ದಂಪತಿಯ ಚಿತ್ರವನ್ನು ಗೂಗಲ್‌ಗೆ ಕೊಟ್ಟು ಹುಡುಕಿದಾಗ, ಅವರೇ ಬೇರೆ ಮೂರು ಹೆಸರಿನಲ್ಲಿ, ಬೇರೆ ಮೂರು ಊರುಗಳಲ್ಲಿ ಅಂಗಡಿ ಮುಚ್ಚುತ್ತಿದ್ದರು.

ಚೀಲಗಳು ಕೊನೆಗೆ ತುಂಬಿದ್ದು 23ರ ಸಂಜೆ. ಸೂಪರ್‌ಮಾರ್ಕೆಟ್ಟಿನಿಂದ ಒಂದು ಬಲೆಚೀಲ ಕಿತ್ತಳೆ, ಚಾಕೊಲೇಟ್ ನಾಣ್ಯಗಳು, ಎಲ್ಲರಿಗೂ ಒಂದೊಂದು ಜೊತೆ ದಪ್ಪ ಸಾಕ್ಸ್. ಚ್ಯಾರಿಟಿ ಅಂಗಡಿಯಿಂದ 50 ಪೆನ್ಸಿನ ಪುಸ್ತಕಗಳು ಮತ್ತು ಮೈದುನನಿಗೆ ತುಂಡುಗಳೆಲ್ಲ ಇರಬಹುದೆಂದು ನಂಬಿ ಕೊಂಡ ಜಿಗ್‌ಸಾ. ಅಮ್ಮನ ಸೂಟ್‌ಕೇಸಿನಲ್ಲಿ ಯುಗಾದಿಗೆಂದು ಎತ್ತಿಟ್ಟಿದ್ದ ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿ ಮಗಳ ಚೀಲ ಸೇರಿತು. ಎಲ್ಲ ಸೇರಿ 27 ಪೌಂಡ್ ಚಿಲ್ಲರೆ. ಆ ಬೂದು ಚೀಲ ಮಾತ್ರ, ತನಿಖೆಗೆ ಬೇಕಾಗಬಹುದು, ಎಸೆಯಬೇಡಿ ಎಂದು ಸಹಾಯವಾಣಿಯವರು ಹೇಳಿದ್ದರಿಂದ, ಸೆಲ್‌ಗಳನ್ನು ತೆಗೆಸಿಕೊಂಡು ಮೆಟ್ಟಿಲ ಕೆಳಗಿನ ಬೀರುವಿನಲ್ಲಿ ಈಗಲೂ ಕುಳಿತಿದೆ. ಬಾಗಿಲು ತೆಗೆದಾಗಲೆಲ್ಲ ಆ ಟೈರಿನ ನಾತ ಇನ್ನೂ ಬರುತ್ತದೆ.