ಮಳೆಗಾಲದ ಮಡಿಕೇರಿಯಲ್ಲಿ ಒಂದು ಹೋಟೆಲ್ ರೂಮು: ಹಾಸಿಗೆ, ಬೀರು, ಬಾತ್‌ರೂಮು

ಮೊದಲು ಅಂಕ ಹೇಳಿಬಿಡುತ್ತೇವೆ: ಒಟ್ಟಾರೆ ಐದಕ್ಕೆ ಮೂರು. ಬಾತ್‌ರೂಮಿಗೆ ನಾಲ್ಕು, ಹಾಸಿಗೆಗೆ ಎರಡೂವರೆ, ಬೀರುವಿಗೆ ಒಂದು. ಮಡಿಕೇರಿ ಪೇಟೆಯಿಂದ ಸ್ವಲ್ಪ ಹೊರಗೆ, ಇಳಿಜಾರಿನಲ್ಲಿ ಕಟ್ಟಿದ 24 ರೂಮುಗಳ ಹೋಟೆಲು. ಡಬಲ್ ರೂಮಿಗೆ ವಾರದ ದಿನಗಳಲ್ಲಿ ಮೂರು ಸಾವಿರದ ಆಸುಪಾಸು ಬಾಡಿಗೆ, ಶನಿವಾರ ಅದಕ್ಕಿಂತ ಜಾಸ್ತಿ. ಹೆಸರು ಬರೆಯುತ್ತಿಲ್ಲ. ಇಲ್ಲಿ ಕಂಡ ತೊಂದರೆಗಳು ಕೊಡಗು, ಚಿಕ್ಕಮಗಳೂರು ಕಡೆಯ ಈ ದರ್ಜೆಯ ಯಾವ ಹೋಟೆಲಿನಲ್ಲೂ ಎದುರಾಗಬಹುದಾದವು; ಕಾರಣ ಗೊತ್ತಿದ್ದರೆ ಸರಿಪಡಿಸುವುದೂ ಕಷ್ಟವಲ್ಲ.

ಮಡಿಕೇರಿ ಇರುವುದು ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿ. ವರ್ಷದ ಮಳೆ 3,000 ಮಿ.ಮೀ. ಆಸುಪಾಸು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಬಿಡುತ್ತದೆ. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಹೊತ್ತಿಗೆ ಗೋಡೆ, ಮರ, ಬಟ್ಟೆ ಎಲ್ಲವೂ ಗಾಳಿಯ ತೇವ ಹೀರಿಕೊಂಡು ಕೂತಿರುತ್ತವೆ. ಗಾಳಿಯ ತೇವಾಂಶ ಶೇ 70 ದಾಟಿ ಕೆಲವು ದಿನ ಹಾಗೇ ನಿಂತರೆ ಬೂಷ್ಟಿಗೆ ಅಷ್ಟೇ ಸಾಕು. ಬೇಸಿಗೆಯಲ್ಲಿ ಕಣ್ಣಿಗೆ ಬೀಳದ ಉದಾಸೀನವೆಲ್ಲ ಮಳೆಗಾಲದಲ್ಲಿ ಮೂಗಿಗೆ ಬಡಿಯುತ್ತದೆ. ಈ ಊರಿನ ಹೌಸ್‌ಕೀಪಿಂಗನ್ನು ಅಳೆಯಬೇಕಾದದ್ದೇ ಈ ತಿಂಗಳುಗಳಲ್ಲಿ.

ಹಾಸಿಗೆ ನೋಡಲು ಚೆನ್ನಾಗಿಯೇ ಇತ್ತು. ಬಿಳಿ ಬೆಡ್‌ಶೀಟು, ಮೂಲೆಗಳನ್ನು ಕಲಿತವರ ಕೈಯಲ್ಲಿ ಬಿಗಿಯಾಗಿ ಮಡಿಸಿ ಸೇರಿಸಿದ್ದರು. ದಿಂಬಿನ ಕವರಿನ ತೆರೆದ ಬಾಯಿ ಬಾಗಿಲಿಗೆ ಬೆನ್ನು ಹಾಕಿತ್ತು. ಶೀಟಿನ ಕೆಳಗೆ ಹಾಸಿಗೆಗೆ ಪ್ರೊಟೆಕ್ಟರ್ ಹಾಕಿದ್ದರು. ಈ ದರದಲ್ಲಿ ಅದು ಎಲ್ಲ ಕಡೆ ಸಿಗುವುದಿಲ್ಲ. ಆದರೆ ಶೀಟು ಒಣಗಿರಲಿಲ್ಲ. ಚಳಿಯ ಊರಿನಲ್ಲಿ ಒಣ ಬಟ್ಟೆಯೂ ಮುಟ್ಟಿದ ಕೂಡಲೇ ತಣ್ಣಗಿರುವುದರಿಂದ ಇದನ್ನು ಪತ್ತೆ ಹಚ್ಚಲು ಒಂದು ಕ್ರಮವಿದೆ. ಅಂಗೈಯ ಹಿಂಬದಿಯನ್ನು ಶೀಟಿನ ಅಂಚಿನ ಹೊಲಿಗೆಯ ಮೇಲೆ, ಎರಡು ಮೂರು ಪದರ ಕೂಡುವ ಕಡೆ, ಹತ್ತು ಸೆಕೆಂಡ್ ಒತ್ತಿ ಹಿಡಿಯಬೇಕು. ಒಣ ಬಟ್ಟೆ ಅಷ್ಟರಲ್ಲಿ ಕೈಯ ಬಿಸಿ ಹಿಡಿದುಕೊಳ್ಳುತ್ತದೆ. ಹಸಿ ಉಳಿದ ಬಟ್ಟೆ ತಣ್ಣಗೇ ಇರುತ್ತದೆ, ಚರ್ಮಕ್ಕೆ ಅಂಟುತ್ತದೆ. ಇಲ್ಲಿ ಶೀಟಿನ ನಡುಭಾಗ ಒಣಗಿತ್ತು, ಅಂಚು ಒಣಗಿರಲಿಲ್ಲ. ಅರೆಹಸಿ ಬಟ್ಟೆಗೆ ಇಸ್ತ್ರಿ ಹಾಕಿ ಮಡಿಸಿಟ್ಟಿದ್ದರ ಗುರುತು ಇದು. ಇಸ್ತ್ರಿ ಮೇಲ್ಮೈಯನ್ನು ಒಣಗಿಸಿಬಿಡುತ್ತದೆ, ಹೊಲಿಗೆಯೊಳಗಿನ ನೀರು ಅಲ್ಲೇ ಉಳಿದು ಅಟ್ಟಿಯಲ್ಲಿ ಎರಡು ದಿನ ಇದ್ದಾಗ ಮುಗ್ಗಲು ವಾಸನೆ ಹುಟ್ಟುತ್ತದೆ.

ಹೀಗೇಕೆ ಆಗುತ್ತದೆ ಎನ್ನುವುದಕ್ಕೆ ಲೆಕ್ಕವೇ ಸಾಕು. ಒಂದು ಡಬಲ್ ರೂಮಿನ ಶೀಟು, ಡುವೆ (ಮೆತ್ತನೆಯ ದಪ್ಪ ಹೊದಿಕೆ) ಕವರ್, ದಿಂಬಿನ ಕವರುಗಳು, ಎರಡು ದೊಡ್ಡ ಟವೆಲ್, ಎರಡು ಕೈ ಟವೆಲ್, ಕಾಲೊರೆಸುವ ಮ್ಯಾಟು ಸೇರಿ ಒಣ ತೂಕ ಸುಮಾರು ನಾಲ್ಕು ಕೆ.ಜಿ. ಭಾನುವಾರ 24 ರೂಮೂ ಖಾಲಿಯಾದರೆ 96 ಕೆ.ಜಿ. ಬಟ್ಟೆ. ಹೋಟೆಲಿನಲ್ಲಿರುವುದು 15 ಕೆ.ಜಿ.ಯ ಒಂದೇ ಡ್ರೈಯರು. ಡ್ರಮ್ಮಿನ ಮೂರರಲ್ಲಿ ಎರಡು ಭಾಗಕ್ಕಿಂತ ಹೆಚ್ಚು ತುಂಬಿದರೆ ಬಿಸಿಗಾಳಿ ಬಟ್ಟೆಯ ನಡುವೆ ಆಡುವುದಿಲ್ಲ, ಆದ್ದರಿಂದ ಸಲಕ್ಕೆ ಹತ್ತು ಕೆ.ಜಿ. ಎನ್ನೋಣ. ಹತ್ತು ಸಲ, ಹಾಕಿ ತೆಗೆಯುವುದೂ ಸೇರಿ ಸಲಕ್ಕೆ ಐವತ್ತು ನಿಮಿಷ. ಎಂಟು ಗಂಟೆ ದಾಟಿತು. ನಡುವೆ ಕರೆಂಟು ಹೋಗುವುದನ್ನು, ಡ್ರೈಯರು ಜನರೇಟರಿನ ಮೇಲೆ ಓಡದಿರುವುದನ್ನು ಇದಕ್ಕೆ ಸೇರಿಸಿಕೊಳ್ಳಿ. ಅವಸರದಲ್ಲಿ ಡ್ರಮ್ಮು ತುಂಬ ತುರುಕುತ್ತಾರೆ, ಅರ್ಧ ಗಂಟೆಗೇ ತೆಗೆಯುತ್ತಾರೆ, ಉಳಿದದ್ದನ್ನು ಮೆಟ್ಟಿಲಿನ ಕೆಳಗಿನ ಹಗ್ಗದ ಮೇಲೆ ಹರವುತ್ತಾರೆ. ಹೊರಗೆ ಮಂಜು ಕವಿದಿರುವಾಗ ಆ ಹಗ್ಗದ ಮೇಲೆ ಏನೂ ಒಣಗುವುದಿಲ್ಲ.

ಪರಿಹಾರ ಎರಡು. ಮೊದಲನೆಯದು ಹೆಚ್ಚಿನ ಸೆಟ್ಟು. ಸಾಮಾನ್ಯವಾಗಿ ರೂಮಿಗೆ ಮೂರು ಸೆಟ್ ಇಡುತ್ತಾರೆ: ಒಂದು ಹಾಸಿಗೆಯ ಮೇಲೆ, ಒಂದು ಲಾಂಡ್ರಿಯಲ್ಲಿ, ಒಂದು ಶೆಲ್ಫಿನಲ್ಲಿ. ಬಯಲುಸೀಮೆಗೆ ಸಾಕು. ಮಡಿಕೇರಿಯ ಮಳೆಗಾಲಕ್ಕೆ ಐದು ಬೇಕು, ಆಗ ಭಾನುವಾರದ ಬಟ್ಟೆ ಮಂಗಳವಾರ ಒಣಗಿದರೂ ಯಾರಿಗೂ ಹಸಿ ಶೀಟು ಹಾಸಬೇಕಾಗುವುದಿಲ್ಲ. ಎರಡನೆಯದು, ಲಿನನ್ ಇಡುವ ಕೋಣೆಯಲ್ಲಿ ತೇವ ಹೀರುವ ಡಿಹ್ಯೂಮಿಡಿಫೈಯರ್ ಇಟ್ಟು ತೇವಾಂಶವನ್ನು ಶೇ 60ರೊಳಗೆ ಹಿಡಿಯುವುದು. ಇಪ್ಪತ್ತು ರೂಮುಗಳ ಹೋಟೆಲಿಗೆ ಅದು ದೊಡ್ಡ ಖರ್ಚಲ್ಲ. ಲಾಬಿಗೆ ಹೊಸ ಸೋಫಾ ತರುವ ಮೊದಲು ಇದನ್ನು ತರಬೇಕು.

ಟವೆಲ್ಲಿನ ವಾಸನೆ ಇನ್ನೊಂದು ಬಗೆಯದು. ಒಣಗಿದ್ದಾಗ ಮೂಸಿದರೆ ಏನೂ ಗೊತ್ತಾಗುವುದಿಲ್ಲ, ಫ್ಯಾಬ್ರಿಕ್ ಸಾಫ್ಟನರಿನ ಪರಿಮಳವೇ ಬರುತ್ತದೆ. ಒಂದು ಮೂಲೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ ಮೂಸಿದರೆ ಒದ್ದೆ ಬಟ್ಟೆಯ ಹುಳಿ ವಾಸನೆ ಏಳುತ್ತದೆ. ನಿಧಾನವಾಗಿ ಒಣಗಿದ ಟವೆಲ್ಲಿನ ನೂಲಿನೊಳಗೆ ಬ್ಯಾಕ್ಟೀರಿಯಾ ನೆಲೆಯಾಗಿದೆ ಎಂದು ಅರ್ಥ. ಸಾಫ್ಟನರ್ ಹೆಚ್ಚು ಹಾಕಿದಷ್ಟೂ ನೂಲಿನ ಮೇಲೆ ಜಿಡ್ಡಿನ ಪದರ ಕೂತು ಟವೆಲ್ಲು ನೀರು ಹೀರುವುದನ್ನು ಕಡಿಮೆ ಮಾಡುತ್ತದೆ, ವಾಸನೆಯನ್ನು ಮುಚ್ಚುತ್ತದೆ ಹೊರತು ತೆಗೆಯುವುದಿಲ್ಲ. ಟವೆಲ್ಲಿಗೆ ಸಾಫ್ಟನರ್ ನಿಲ್ಲಿಸಿ, 60 ಡಿಗ್ರಿ ನೀರಿನಲ್ಲಿ ಆಕ್ಸಿಜನ್ ಬ್ಲೀಚ್ (ಕ್ಲೋರಿನ್ ಇಲ್ಲದ ಬ್ಲೀಚ್) ಹಾಕಿ ಒಗೆದು, ಡ್ರೈಯರಿನಲ್ಲಿ ಪೂರ್ತಿ ಒಣಗಿಸಿದರೆ ಹೋಗುತ್ತದೆ.

ರಗ್ಗಿನ ವಿಷಯದಲ್ಲಿ ಈ ಹೋಟೆಲಿಗೆ ಮನಸಾರೆ ಮೆಚ್ಚುಗೆ ಹೇಳಬೇಕು. ಬಣ್ಣದ ರಗ್ಗನ್ನು ನೇರ ಮೈಮೇಲೆ ಹೊದೆಯಲು ಕೊಡುವ ಲಾಡ್ಜುಗಳಲ್ಲಿ ಅದನ್ನು ಪ್ರತಿ ಅತಿಥಿಗೂ ಒಗೆಯುವುದಿಲ್ಲ, ಮಳೆಗಾಲದಲ್ಲಿ ಒಗೆದರೆ ಒಣಗಿಸಲು ಜಾಗವೂ ಇರುವುದಿಲ್ಲ. ಇಲ್ಲಿ ಡುವೆಗೆ ಬಿಳಿ ಕವರು, ಅದು ಪ್ರತಿ ಚೆಕ್‌ಔಟಿಗೂ ಬದಲಾಗುತ್ತದೆ. ಆದರೆ ಎಕ್ಸ್‌ಟ್ರಾ ಬೆಡ್ ಕೇಳಿದವರಿಗೆ ಈ ಭಾಗ್ಯ ಇಲ್ಲ. ಮಡಿಸಿದ ಫೋಮ್ ಹಾಸಿಗೆ ಲಿಫ್ಟಿನ ಪಕ್ಕದ ಸಂದಿನಲ್ಲಿ ಹೊರಗೋಡೆಗೆ ಒರಗಿರುತ್ತದೆ. ಗೋಡೆ ತಾಗಿದ ಬದಿಯಲ್ಲಿ ಬಟ್ಟೆಯ ಮೇಲೆ ಸಾಸಿವೆ ಗಾತ್ರದ ಕಪ್ಪು ಚುಕ್ಕೆಗಳು ಒತ್ತಾಗಿ ಹಬ್ಬಿದ್ದವು. ಅದರ ಮೇಲೆ ಶುಭ್ರ ಶೀಟು ಹಾಸಿ ತಂದಿಡುತ್ತಾರೆ, ಅದರಲ್ಲಿ ಮಲಗುವವರು ಹೆಚ್ಚಾಗಿ ಮಕ್ಕಳು. ಎಕ್ಸ್‌ಟ್ರಾ ಬೆಡ್ ಬಂದ ಕೂಡಲೇ ಶೀಟು ಎತ್ತಿ ಎರಡೂ ಬದಿ ನೋಡಿ. ಚುಕ್ಕೆ ಕಂಡರೆ ಬೇರೆ ಕೇಳಿ. ಫೋಮಿನೊಳಗೆ ಇಳಿದ ಬೂಷ್ಟು ಒರೆಸಿದರೆ ಹೋಗುವಂಥದ್ದಲ್ಲ, ಆ ಹಾಸಿಗೆಯನ್ನು ಎಸೆಯಲೇಬೇಕು.

ಬೀರುವಿನ ಬಾಗಿಲು ತೆರೆದರೆ ಮುಗ್ಗಲು ವಾಸನೆಯ ಜೊತೆ ನುಸಿ ಗುಳಿಗೆಯ ಘಾಟು. ಹೊರಗೋಡೆಗೆ ಒತ್ತಿ ಕೂರಿಸಿದ ಪ್ಲೈವುಡ್ ಬೀರು, ಹಿಂದೆ ಗಾಳಿಯಾಡಲು ಒಂದು ಬೆರಳಿನ ಸಂದೂ ಇಲ್ಲ. ತಣ್ಣಗಿನ ಗೋಡೆಯ ಮೇಲೆ ತೇವ ಕೂತು ಹಿಂಬದಿಯ ಹಲಗೆ ನೆನೆದಿದೆ. ಬಿಳಿ ಬೂಷ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ ಗೆರೆಗಳು ಹಾಗೇ ಕಾಣುತ್ತವೆ. ಒದ್ದೆ ಬಟ್ಟೆಯಲ್ಲಿ ಒರೆಸುವುದೆಂದರೆ ಬೂಷ್ಟಿಗೆ ನೀರು ಕೊಡುವುದು, ಜೊತೆಗೆ ಬೀಜಕಣಗಳನ್ನು ಬೀರುವಿನ ತುಂಬ ಹರಡುವುದು. ಬೀರುವನ್ನು ಗೋಡೆಯಿಂದ ಎರಡು ಮೂರು ಅಂಗುಲ ಈಚೆ ತರಬೇಕು, ಕೆಳಗೂ ಮೇಲೂ ಗಾಳಿಕಿಂಡಿ ಕೊರೆಯಬೇಕು, ರೂಮು ಖಾಲಿ ಇರುವಾಗ ಬಾಗಿಲು ತೆರೆದಿಡಬೇಕು. ಬ್ಲೀಚು ಟೈಲ್ಸಿಗೆ ಸರಿ, ಮರಕ್ಕಲ್ಲ: ಬಣ್ಣ ಮಾತ್ರ ಬಿಳಿಚಿಕೊಳ್ಳುತ್ತದೆ, ಮರದೊಳಗಿನ ಬೇರು ಉಳಿಯುತ್ತದೆ. ನುಸಿ ಗುಳಿಗೆಗಂತೂ ಬೂಷ್ಟಿನ ಮೇಲೆ ಇಲ್ಲಿ ಯಾವ ಕೆಲಸವೂ ಇಲ್ಲ, ಬೇಕಾದ್ದು ಗಾಳಿ.

ಬಾತ್‌ರೂಮು ಈ ಹೋಟೆಲಿನ ಹೆಮ್ಮೆ. ಕಮೋಡಿನ ಸೀಟಿನ ಹಿಂಜುಗಳ ಸಂದು, ಅಂಚಿನ ಒಳಬದಿ, ಜೆಟ್ ಸ್ಪ್ರೇಯ ಹಿಡಿಕೆ, ಬಾಗಿಲಿನ ಚಿಲಕ, ಈ ನಾಲ್ಕು ಕಡೆ ನೋಡಿದರೆ ಸಾಕು, ಕೆಲಸದ ಗುಣ ತಿಳಿಯುತ್ತದೆ. ನಾಲ್ಕೂ ಚೊಕ್ಕವಾಗಿದ್ದವು. ನೀರು ಹೋಗುವ ಜಾಲಿ ಎತ್ತಿದರೆ ಕೂದಲಿಲ್ಲ. ಕಾರಿಡಾರಿನಲ್ಲಿ ನಿಂತ ಟ್ರಾಲಿಯಲ್ಲಿ ಕಾರಣ ಕಾಣುತ್ತಿತ್ತು, ಕೆಲಸಕ್ಕೊಂದು ನಂಬರಿನ ಕ್ಲೀನರ್: ಬಾತ್‌ರೂಮಿನ ಆರ್-1, ನೆಲ ಮೇಜುಗಳ ಆರ್-2, ಗಾಜಿನ ಆರ್-3, ಕಮೋಡಿನ ಆರ್-6, ಎಲ್ಲ ಬಾಟಲಿಗಳ ಮೇಲೂ ಓದಲು ಬರುವ ಚೀಟಿ. ಕಮೋಡಿಗೆ ಕೆಂಪು ಬಟ್ಟೆ, ಬೇಸಿನ್ನಿಗೆ ಹಳದಿ, ರೂಮಿಗೆ ನೀಲಿ. ಹುಡುಗರು ರೂಮಿಗೆ ಬಂದವರೇ ಹಾಸಿಗೆಯ ಬಟ್ಟೆ ಕಿತ್ತು, ಕಸ ತೆಗೆದು, ಮೊದಲು ಕಮೋಡಿಗೆ ದ್ರಾವಣ ಸುರಿದುಬಿಡುತ್ತಾರೆ; ಹಾಸಿಗೆ ಹಾಸಿ ಮುಗಿಸುವ ಹೊತ್ತಿಗೆ ಅದಕ್ಕೆ ಬೇಕಾದ ಹತ್ತು ನಿಮಿಷ ಸಿಕ್ಕಿರುತ್ತದೆ. ಸುರಿದ ಕೂಡಲೇ ಉಜ್ಜಿ ನೀರು ಬಿಟ್ಟರೆ ಔಷಧಿಯೂ ದಂಡ, ಶ್ರಮವೂ ದಂಡ. ಟೈಲ್ಸ್ ಸಂದಿನ ಕಪ್ಪಿಗೆ ಕ್ಲೋರಿನ್ ಬ್ಲೀಚ್ ಬಳಸುವ ದಿನ ಕಮೋಡಿಗೆ ಆಮ್ಲದ ಕ್ಲೀನರ್ ಹಾಕಬಾರದು ಎಂಬುದೂ ಇವರಿಗೆ ಗೊತ್ತಿತ್ತು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿ ಮುಚ್ಚಿದ ಮಳೆಗಾಲದ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ. ಕಡಿಮೆಯಾದ ಒಂದು ಅಂಕ ಎಕ್ಸಾಸ್ಟ್ ಫ್ಯಾನಿನದು: ರೆಕ್ಕೆಗಳ ಮೇಲೆ ದಪ್ಪ ಧೂಳು, ಟಿಶ್ಯೂ ಕಾಗದ ಹಿಡಿದರೆ ಎಳೆದುಕೊಳ್ಳುವುದಿಲ್ಲ. ಸ್ನಾನದ ಹಬೆಯೆಲ್ಲ ರೂಮಿಗೇ ಬರುತ್ತದೆ, ಬೀರುವಿಗೇ ಸೇರುತ್ತದೆ.

ಗಾಜಿನ ಲೋಟಗಳನ್ನು ರೂಮಿನಲ್ಲಿ ತೊಳೆಯದೆ ಕ್ರೇಟಿನಲ್ಲಿ ಅಡುಗೆಮನೆಗೆ ಒಯ್ಯುತ್ತಾರೆ. ಬೇಸಿನ್ನಿನಲ್ಲಿ ತೊಳೆದು ಅತಿಥಿ ಬಳಸಿದ ಟವೆಲ್ಲಿನಲ್ಲೇ ಒರೆಸಿಡುವ ಕೆಟ್ಟ ಚಾಳಿ ಇಲ್ಲಿಲ್ಲ, ಇದು ಬಹಳ ದೊಡ್ಡ ಮಾತು. ಕೆಟಲ್ಲಿನ ತಳದಲ್ಲಿ ಮಾತ್ರ ಹಳೆಯ ನೀರು ನಿಂತಿತ್ತು.

ತಿಗಣೆಯ ಸುಳಿವು ಸಿಗಲಿಲ್ಲ. ಹಾಸಿಗೆಯ ಅಂಚಿನ ಹೊಲಿಗೆ, ತಲೆಯ ಕಡೆಯ ಹಲಗೆಯ ಹಿಂಬದಿ, ಮಂಚದ ಕೀಲುಗಳಿಗೆ ಮೊಬೈಲ್ ಟಾರ್ಚ್ ಹಾಯಿಸಿದರೆ ಶಾಯಿ ಚುಕ್ಕೆಯಂಥ ಕಲೆ, ಬಿಟ್ಟ ಪೊರೆ ಕಾಣಬೇಕು, ಎರಡೂ ಇರಲಿಲ್ಲ. ಒಂದು ವೇಳೆ ಕಂಡರೂ ಒಂದು ಸಲ ಔಷಧಿ ಹೊಡೆದು ಮರುದಿನವೇ ರೂಮು ಕೊಡುವ ಹೋಟೆಲನ್ನು ನಂಬಬೇಡಿ. ಸಾಮಾನ್ಯ ಔಷಧಿಗಳಿಗೆ ಮೊಟ್ಟೆ ಸಾಯುವುದು ಕಷ್ಟ, ಮರಿಗಳು ಹೊರಬಂದ ಮೇಲೆ, ಎರಡು ವಾರದ ಸುಮಾರಿಗೆ, ಇನ್ನೊಮ್ಮೆ ಹೊಡೆಯಲೇಬೇಕು.

ಇಷ್ಟು ತಿಳಿದ ಕೆಲಸಗಾರರಿದ್ದೂ ಭಾನುವಾರದ ರೂಮು ಏಕೆ ಸೊರಗುತ್ತದೆ? ಸೂಪರ್‌ವೈಸರ್ ಹೆಣ್ಣುಮಗಳು ಒಂದೇ ಮಾತಿನಲ್ಲಿ ಹೇಳಿದರು: "ಹನ್ನೊಂದಕ್ಕೆ ಎಲ್ಲ ಒಟ್ಟಿಗೇ ಖಾಲಿ ಮಾಡ್ತಾರೆ ಸಾರ್, ಒಂದಕ್ಕೆ ಎಲ್ಲ ಒಟ್ಟಿಗೇ ಬಂದು ನಿಲ್ತಾರೆ." ಖಾಲಿಯಾದ ರೂಮೊಂದನ್ನು ಸರಿಯಾಗಿ ಸಿದ್ಧ ಮಾಡಲು ನಲವತ್ತು ನಿಮಿಷ ಬೇಕು. ಎರಡು ಗಂಟೆಯಲ್ಲಿ ಒಬ್ಬರಿಂದ ಮೂರು ರೂಮು. ಇರುವವರು ನಾಲ್ವರು, ಹನ್ನೆರಡು ರೂಮು. ಉಳಿದ ಹನ್ನೆರಡಕ್ಕೆ ಶೀಟು ಬದಲಾಗಿ, ನೆಲಕ್ಕೆ ಮಾಪು ತಾಗಿ, ಏರ್ ಫ್ರೆಶ್ನರ್ ಬಿದ್ದರೆ ಮುಗಿಯಿತು. ಇದು ಹುಡುಗರ ಸೋಮಾರಿತನ ಅಲ್ಲವೇ ಅಲ್ಲ. ಚೆಕ್‌ಇನ್ ಎರಡೂವರೆಗೆ ಇಟ್ಟು, ಭಾನುವಾರಕ್ಕೆ ಇನ್ನಿಬ್ಬರನ್ನು ಸೇರಿಸಿದರೆ ಇದೇ ಕೈಗಳು ಎಲ್ಲ ರೂಮುಗಳನ್ನೂ ಚೊಕ್ಕ ಮಾಡಿಕೊಡುತ್ತವೆ. ಆ ತೀರ್ಮಾನ ಮಾಲೀಕರದು.

ಇಲ್ಲಿ ಉಳಿಯುವುದಾದರೆ ಎರಡನೇ ಮಹಡಿಯಲ್ಲಿ ಕಣಿವೆ ಕಡೆ ಕಿಟಕಿ ಇರುವ ರೂಮು ಕೇಳಿ. ನೆಲಮಹಡಿಯ ಹಿಂಭಾಗದವು ಮಣ್ಣು ಕಡಿದ ದರೆಗೆ ತಾಗಿಕೊಂಡಿವೆ, ಗೋಡೆಗೆ ನೀರು ಜಿನುಗುತ್ತದೆ. ಮಂಗಳವಾರದಿಂದ ಗುರುವಾರದೊಳಗೆ ಬಂದರೆ ಒಣಗಿದ ಶೀಟು ಸಿಗುವ ಸಂಭವ ಹೆಚ್ಚು. ಭಾನುವಾರವೇ ಬರಬೇಕಾದರೆ ಮೂರು ಗಂಟೆಯ ಮೇಲೆ ಬರುತ್ತೇವೆ ಎಂದು ಮೊದಲೇ ಫೋನ್ ಮಾಡಿ ಹೇಳಿ, ನಿಮ್ಮ ರೂಮಿಗೆ ಅದರ ನಲವತ್ತು ನಿಮಿಷ ಸಿಗುತ್ತದೆ.