ಪವರ್ ಇರುವ ಪೋಲರೈಸ್ಡ್ ಕೂಲಿಂಗ್ ಗ್ಲಾಸ್: ಗದ್ದೆ ದಾರಿಯಲ್ಲಿ ಮೂರು ವರ್ಷ

ಗಂಗಾವತಿಯಿಂದ ಕಾರಟಗಿ ಕಡೆಯ ಶಾಲೆಗೆ ದಿನಾ ಸ್ಕೂಟರ್‌ನಲ್ಲಿ ಹೋಗುತ್ತೇನೆ. ಮುಕ್ಕಾಲು ಗಂಟೆ ದಾರಿ. ಬೆಳಿಗ್ಗೆ ಹೋಗುವಾಗಲೂ ಸೂರ್ಯ ಬಲಗಡೆ, ಸಂಜೆ ಬರುವಾಗಲೂ ಬಲಗಡೆ. ಮೂರು ವರ್ಷದ ಹಿಂದೆ ಬಲಗಣ್ಣಲ್ಲಿ, ಮೂಗಿನ ಕಡೆಯ ಬಿಳಿ ಭಾಗದ ಮೇಲೆ, ತೆಳ್ಳಗೆ ಒಂದು ಮಾಂಸದ ಪದರ ಕಾಣಿಸಿತು. ಟೆರಿಜಿಯಂ ಅಂತ ಅದರ ಹೆಸರು. ಬಿಸಿಲು, ಗಾಳಿ, ದೂಳಿನಲ್ಲಿ ವರ್ಷಗಟ್ಟಲೆ ಓಡಾಡುವವರಿಗೆ ಬರುತ್ತದಂತೆ. ಕರಿಗುಡ್ಡೆ ಮೇಲೆ ಹರಡಿದರೆ ಆಪರೇಷನ್ ಬೇಕಾಗಬಹುದು, ಈಗಿನಿಂದಲೇ ಕಣ್ಣಿಗೆ ಬಿಸಿಲು ತಾಗದ ಹಾಗೆ ನೋಡಿಕೊಳ್ಳಿ ಅಂದರು ಡಾಕ್ಟರ್.

ಅಲ್ಲಿಯವರೆಗೆ ನನ್ನ ಮಾಮೂಲಿ ಕನ್ನಡಕದ ಮೇಲೆ ಜಾತ್ರೆಯಲ್ಲಿ ಕೊಂಡ ಒಂದು ಕಪ್ಪು ಕ್ಲಿಪ್ ಸಿಕ್ಕಿಸಿಕೊಳ್ಳುತ್ತಿದ್ದೆ. ಕಪ್ಪಗಿದ್ದರೆ ಸಾಕು ಅಂದುಕೊಂಡಿದ್ದೆ. ಅದು ತಪ್ಪು. ಗಾಜು ಕಪ್ಪಾದಷ್ಟೂ ಕಣ್ಣಿನ ಪಾಪೆ ಅಗಲವಾಗುತ್ತದೆ. ಆ ಗಾಜು ಬಿಸಿಲಿನ ಯುವಿ (ಅತಿನೇರಳೆ) ಕಿರಣ ತಡೆಯದೇ ಇದ್ದರೆ ಏನೂ ಹಾಕದೆ ಇರುವುದಕ್ಕಿಂತ ಜಾಸ್ತಿಯೇ ಒಳಗೆ ಹೋಗಬಹುದು. ಇನ್ನೊಂದು ವಿಷಯ ಹೊಸ ಕನ್ನಡಕ ಮಾಡಿಸಲು ಹೋದ ಅಂಗಡಿಯಲ್ಲೇ ಗೊತ್ತಾಯಿತು: ಪೋಲರೈಸ್ಡ್ ಬೇರೆ, ಯುವಿ ತಡೆಯುವುದು ಬೇರೆ. 400 ನ್ಯಾನೋಮೀಟರ್ ತರಂಗಾಂತರದವರೆಗಿನ ಕಿರಣ ತಡೆದರೆ ಅದಕ್ಕೆ ಯುವಿ 400 ಅನ್ನುತ್ತಾರೆ. ಪೋಲರೈಸ್ಡ್ ಅಂದರೆ ನೀರು, ರಸ್ತೆ ಥರದ ಮಟ್ಟಸವಾದ ಜಾಗದಿಂದ ಪ್ರತಿಫಲಿಸಿ ಬರುವ ಹೊಳಪನ್ನು ಕಡಿಮೆ ಮಾಡುವುದು. ಎಷ್ಟೋ ಆಪ್ಟಿಕಲ್ ಅಂಗಡಿಗಳಲ್ಲಿ ಯುವಿ ನೋಡುವ ಸಣ್ಣ ಮಷಿನ್ ಇರುತ್ತದೆ. ಸ್ಟಿಕ್ಕರ್ ನಂಬಬೇಡಿ, ಆ ಮಷಿನ್‌ನಲ್ಲಿ ಇಟ್ಟು ತೋರಿಸಿ ಅಂತ ಕೇಳಿ.

ಫ್ರೇಮ್‌ಗೆ 1,200, ಮೈನಸ್ ಪವರ್ ಹಾಕಿದ ಬೂದು ಬಣ್ಣದ ಪೋಲರೈಸ್ಡ್ ಲೆನ್ಸ್‌ಗೆ 2,200. ಒಟ್ಟು 3,400 ರೂಪಾಯಿ. ನನಗೆ ಅದು ಸಣ್ಣ ಮೊತ್ತ ಅಲ್ಲ, ಎರಡು ತಿಂಗಳು ಯೋಚನೆ ಮಾಡಿದ್ದೆ.

ಜುಲೈ ಕೊನೆಯಲ್ಲಿ ಮೊದಲ ಸಲ ಹಾಕಿಕೊಂಡು ಹೋದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಿದ್ದರು, ನಾಟಿ ನಡೆಯುತ್ತಿತ್ತು. ಆ ಹೊತ್ತಲ್ಲಿ ನಮ್ಮ ದಾರಿಯ ಎರಡೂ ಕಡೆ ಗದ್ದೆ ತುಂಬ ನೀರು, ಒಂದೊಂದು ಗದ್ದೆಯೂ ಕನ್ನಡಿ ಹಿಡಿದ ಹಾಗೆ ಮುಖಕ್ಕೆ ಹೊಡೆಯುತ್ತದೆ. ವರ್ಷಗಟ್ಟಲೆ ಬಲಗಣ್ಣು ಅರ್ಧ ಮುಚ್ಚಿಕೊಂಡೇ ಓಡಿಸಿದ್ದೆ. ಅವತ್ತು ಆ ಹೊಳಪೇ ಇಲ್ಲ! ನೀರಿನ ಒಳಗಿನ ಕೆಸರು ಕಾಣುತ್ತಿದೆ, ಆಗಷ್ಟೇ ಊರಿದ ಸಸಿಯ ಬುಡ ಕಾಣುತ್ತಿದೆ, ಬದುವಿನ ಪಕ್ಕ ಕೊಕ್ಕರೆ ಕಾಲು ನೀರೊಳಗೆ ಎಲ್ಲಿ ಊರಿದೆ ಅನ್ನುವುದು ಕೂಡ ಕಾಣುತ್ತಿದೆ. ಗಾಡಿ ನಿಲ್ಲಿಸಿ ಐದು ನಿಮಿಷ ನೋಡಿದೆ. ದಿನಾ ಹೋಗುವ ದಾರಿ, ಅದರ ಪಕ್ಕದ ನೀರನ್ನು ನಾನು ನಿಜವಾಗಿ ನೋಡಿದ್ದು ಅವತ್ತೇ. ಸಂಜೆ ಮನೆಗೆ ಬಂದಾಗ ಹಣೆ ಬಿಗಿದುಕೊಳ್ಳುವ ನೋವೂ ಇರಲಿಲ್ಲ.

ಆಮೇಲೆ ಅದರದ್ದೇ ಒಂದು ಕ್ರಮ ಆಯಿತು. ಮೊದಲು ಹೆಲ್ಮೆಟ್, ಆಮೇಲೆ ಕನ್ನಡಕ. ಹಾಗಾಗಿ ಕಡ್ಡಿ ತೆಳ್ಳಗೆ, ನೇರವಾಗಿ ಇರುವ ಫ್ರೇಮ್ ತಗೊಂಡಿದ್ದು ಒಳ್ಳೆಯದಾಯಿತು, ಕಿವಿ ಮೇಲೆ ಸಲೀಸಾಗಿ ಜಾರುತ್ತದೆ. ಶಾಲೆ ಮುಟ್ಟಿದ ತಕ್ಷಣ ಬೋರ್‌ವೆಲ್‌ನ ನಲ್ಲಿಯ ಕೆಳಗೆ ಹಿಡಿದು ದೂಳು ಹೋಗುವ ತನಕ ನೀರು ಬಿಡುತ್ತೇನೆ. ಸೀರೆ ಸೆರಗಿನಿಂದ ಒಣದೂಳು ಒರೆಸಿದರೆ ಗೀರು ಬೀಳುತ್ತದೆ, ಅದರಲ್ಲೂ ಭತ್ತ ಕೊಯ್ಯುವ ಮಷಿನ್ ಓಡುವ ದಿನಗಳಲ್ಲಿ. ಮೆತ್ತನೆ ಬಟ್ಟೆಯಲ್ಲಿ ತೇವ ಒತ್ತಿ, ಡಬ್ಬಿಗೆ ಹಾಕಿ, ಮಾಮೂಲಿ ಕನ್ನಡಕ ಹಾಕಿಕೊಂಡು ಪ್ರಾರ್ಥನೆಗೆ ನಿಲ್ಲುತ್ತೇನೆ.

ಎರಡನೇ ವರ್ಷದ ನಾಟಿ ಸಮಯದಲ್ಲಿ ಬಿದ್ದೆ. ಗದ್ದೆಯಿಂದ ಟ್ರ್ಯಾಕ್ಟರ್ ಹತ್ತಿ ಹೋದ ಜಾಗ, ಡಾಂಬರಿನ ಮೇಲೆ ಹಸಿ ಕೆಸರು ತೆಳ್ಳಗೆ ಬಳಿದುಕೊಂಡಿತ್ತು. ಬರಿಗಣ್ಣಿಗಾದರೆ ಅದು ದೂರದಿಂದಲೇ ಮಿಂಚುತ್ತದೆ, ನಾವು ತಾನಾಗಿ ನಿಧಾನ ಮಾಡುತ್ತೇವೆ, ಅಲ್ವಾ? ನನಗೆ ಮಿಂಚಲೇ ಇಲ್ಲ. ಗದ್ದೆಯ ಹೊಳಪು ತೆಗೆದ ಕನ್ನಡಕವೇ ರಸ್ತೆಯ ಹೊಳಪನ್ನೂ ತೆಗೆದಿತ್ತು. ಮೊಣಕೈ ತರಚಿತು, ಎಡಗಾಲಿನ ಊತ ಎರಡು ವಾರ ಇತ್ತು. ಲೆನ್ಸ್ ಮಾಡಿಸುವಾಗ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ದ್ವಿಚಕ್ರದವರಿಗೆ ಇದು ಮೊದಲು ಹೇಳಬೇಕಾದ ಮಾತು. ಬಿದ್ದ ಡೀಸೆಲ್, ಎಣ್ಣೆ, ತೇವದ ಗುಂಡಿ, ಯಾವುದನ್ನೂ ಅದರ ಹೊಳಪಿನಿಂದ ಗುರುತಿಸುವುದು ಇದರಲ್ಲಿ ಕಷ್ಟ.

ಒಂದು ತಿಂಗಳು ಮುಟ್ಟಲಿಲ್ಲ. ಆದರೆ ಕಣ್ಣು ಕಿರಿದು ಮಾಡಿಕೊಂಡು ಓಡಿಸುವುದೂ ಆಗಲಿಲ್ಲ, ಕೆಂಪಾಗಿ ಉರಿಯಲು ಶುರುವಾಯಿತು. ಮತ್ತೆ ಹಾಕಿಕೊಂಡೆ. ಅಷ್ಟರಲ್ಲಿ ಒಂದು ಉಪಾಯ ಸಿಕ್ಕಿತ್ತು: ತಲೆಯನ್ನು ಸ್ವಲ್ಪ ಭುಜದ ಕಡೆ ವಾಲಿಸಿದರೆ ಹೊಳಪು ಮತ್ತೆ ಕಾಣುತ್ತದೆ. ಈಗ ಟ್ರ್ಯಾಕ್ಟರ್ ಹತ್ತುವ ಜಾಗ ಬಂತು ಅಂದರೆ ವೇಗ ಇಳಿಸಿ, ಒಮ್ಮೆ ತಲೆ ವಾಲಿಸಿ, ನೋಡಿಕೊಂಡೇ ಹೋಗುತ್ತೇನೆ.

ಮಿಕ್ಕ ತೊಂದರೆಗಳು ಸಣ್ಣವು. ಸ್ಕೂಟರ್‌ನ ಡಿಜಿಟಲ್ ಮೀಟರ್ ಒಂದು ಕೋನದಲ್ಲಿ ಕಪ್ಪಾಗುತ್ತದೆ, ಮೊಬೈಲ್ ಅಡ್ಡ ಹಿಡಿದರೂ ಹಾಗೇ. ಹೆಲ್ಮೆಟ್ ಗಾಜಿನಲ್ಲಿ ಕಾಮನಬಿಲ್ಲಿನ ಬಣ್ಣದ ಪಟ್ಟೆ ಕಾಣುತ್ತದೆ. ಸಂಜೆ ಮೀಟಿಂಗ್ ತಡವಾದರೆ ಕತ್ತಲಲ್ಲಿ ಇದನ್ನು ಹಾಕಿ ಓಡಿಸುವ ಹಾಗೇ ಇಲ್ಲ, ಹಾಗಾಗಿ ಎರಡು ಕನ್ನಡಕ ಯಾವಾಗಲೂ ಬ್ಯಾಗಲ್ಲಿ ಇರಲೇಬೇಕು. ಒಂದು ದಿನ ಮಾಮೂಲಿಯದ್ದು ಮನೆಯಲ್ಲಿ ಬಿಟ್ಟು ಹೋಗಿ, ಗಾಡಿ ಶಾಲೆಯಲ್ಲೇ ನಿಲ್ಲಿಸಿ ಬಸ್ಸಿನಲ್ಲಿ ಬಂದೆ. ಬೇಸಿಗೆಯಲ್ಲಿ ಪೋಲರೈಸ್ಡ್ ಕನ್ನಡಕವನ್ನು ಗಾಡಿಯ ಡಿಕ್ಕಿಯೊಳಗೆ ಇಡಬೇಡಿ. ನಾನು ಏಪ್ರಿಲ್ ಪೂರ್ತಿ ಇಟ್ಟಿದ್ದೆ, ಲೆನ್ಸ್ ಅಂಚಲ್ಲಿ ಪದರ ಎದ್ದು ಗುಳ್ಳೆ ಬಂತು.

ಕಳೆದ ತಿಂಗಳು ಕಣ್ಣು ತೋರಿಸಿದಾಗ ಆ ಪದರ ಬೆಳೆದಿಲ್ಲ ಅಂದರು. ಫ್ರೇಮ್ ಇನ್ನೂ ಗಟ್ಟಿಯಾಗಿದೆ, ಲೆನ್ಸ್ ಮಾತ್ರ ಬದಲಿಸುತ್ತಿದ್ದೇನೆ, ಮತ್ತೆ ಪೋಲರೈಸ್ಡ್‌ನೇ. ದಿನಾ ನೀರಿನ ಪಕ್ಕ ಓಡಾಡುವವರಿಗೆ ಅದೇ ಸರಿ. ನಮ್ಮ ಯಜಮಾನರಿಗೆ ಮಾತ್ರ ಸಾದಾ ಯುವಿ 400 ಬಣ್ಣದ ಲೆನ್ಸ್ ಹೇಳಿದ್ದೇನೆ. ಅವರು ಬೈಕಿನಲ್ಲಿ ರೈಸ್‌ಮಿಲ್ಲಿಗೆ ಹೋಗುವವರು, ಆ ರಸ್ತೆಯಲ್ಲಿ ಲಾರಿಗಳ ಎಣ್ಣೆ ಜಾಸ್ತಿ.