ಜಿಪ್ಸಿಯ ಲೀಫ್ ಸೆಟ್ ಮಾಡಿಸಿದೆ: ಸಿರ್ಸಿಯ ಮೇಸ್ತ್ರಿ ಕೆಲಸ ಹೇಗಿತ್ತು

ಹಳೇ ಮಾರುತಿ ಜಿಪ್ಸಿ ಜೀಪ್ ಇಟ್ಟುಕೊಂಡು ಸಿರ್ಸಿ ಸುತ್ತಮುತ್ತ ಓಡಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹುಬ್ಬಳ್ಳಿ ರಸ್ತೆ ಕಡೆ ಲಾರಿ ಪ್ಲೇಟ್ (ಲೀಫ್ ಸ್ಪ್ರಿಂಗ್, ಅಂದರೆ ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳ ಸೆಟ್) ಕೆಲಸ ಮಾಡುವ ಒಂದು ಸಣ್ಣ ಶೆಡ್ ಇದೆ, ಬೋರ್ಡೂ ಇಲ್ಲ. ನನ್ನ ಗಾಡಿಯ ನಾಲ್ಕೂ ಕಡೆಯ ಲೀಫ್ ಅಲ್ಲೇ ಮಾಡಿಸಿದೆ. ತುಂಬಾ ಖುಷಿಯಾಗಿದೆ.

ಮೊದಲು ಆಗಿದ್ದ ಎಡವಟ್ಟು ಹೇಳುತ್ತೇನೆ. ಎರಡು ವರ್ಷದ ಹಿಂದೆ ಬೇರೆ ಊರಿನ ಗ್ಯಾರೇಜೊಂದರಲ್ಲಿ, ಗಾಡಿ ಎತ್ತರ ಆಗಲಿ ಅಂತ, ಪ್ರತಿ ಸೆಟ್ಟಿಗೂ ಒಂದೊಂದು ಪ್ಲೇಟ್ ಜಾಸ್ತಿ ಹಾಕಿಸಿ ಮುಂದೆ ಉದ್ದದ ಶ್ಯಾಕಲ್ (ಪ್ಲೇಟಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಕೂರಿಸಿಕೊಂಡು ಬಂದಿದ್ದೆ. ನೋಡಲು ಜೋರಾಗಿತ್ತು. ಆದರೆ ಸ್ಪ್ರಿಂಗ್ ಬಿರುಸಾಗಿ, ಸೊಪ್ಪಿನ ಬೆಟ್ಟದ ದಾರಿಯಲ್ಲಿ ಚಕ್ರ ಗುಂಡಿಗೆ ಇಳಿಯುತ್ತಲೇ ಇರಲಿಲ್ಲ, ಗಾಳಿಯಲ್ಲಿ ಸುಮ್ನೆ ತಿರುಗುತ್ತಿತ್ತು. ದೇವಿಮನೆ ಘಟ್ಟ ಇಳಿಯುವಾಗ ಸ್ಟೇರಿಂಗ್ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಕೊನೆಗೆ ಒಂದು ದಿನ ಗೊಬ್ಬರ ಹೇರಿಕೊಂಡು ತೋಟಕ್ಕೆ ಇಳಿಯುವಾಗ ಹಿಂದೆ ಟಪ್ ಅಂತ ಶಬ್ದ ಬಂತು, ಗಾಡಿ ಒಂದು ಕಡೆ ಎಳೆಯಲು ಶುರುವಾಯಿತು.

ಮೇಸ್ತ್ರಿ ಕೆಳಗೆ ಮಲಗಿ ನೋಡಿದರು. "ಸೆಂಟರ್ ಬೋಲ್ಟ್ ಕಟ್ ಆಗಿದೆ. ಯು ಬೋಲ್ಟ್ ಹಾಕಿದ ಮೇಲೆ ಮತ್ತೆ ಯಾರಾದ್ರೂ ಬಿಗಿ ಮಾಡಿದ್ರಾ?" ಯಾರೂ ಮಾಡಿರಲಿಲ್ಲ. ಸೆಂಟರ್ ಬೋಲ್ಟ್ ಅಂದರೆ ಪ್ಲೇಟುಗಳನ್ನೆಲ್ಲ ನಡುವೆ ಪೋಣಿಸಿ ಹಿಡಿಯುವ ಸಣ್ಣ ಬೋಲ್ಟ್; ಆ ಸೆಟ್ಟನ್ನು ಆಕ್ಸಲ್ಲಿಗೆ (ಚಕ್ರದ ಅಚ್ಚಿಗೆ) ಬಿಗಿಯುವುದು ಯು ಬೋಲ್ಟ್. ಅದು ಸಡಿಲ ಆದರೆ ಪ್ಲೇಟಿನ ಮೇಲೆ ಆಕ್ಸಲ್ ಜಾರುತ್ತದೆ, ಪೆಟ್ಟೆಲ್ಲ ಆ ಸಣ್ಣ ಬೋಲ್ಟಿಗೇ ಬೀಳುತ್ತದೆ.

ಆಮೇಲೆ ಕೇಳಿದರು: "ಹೆಗಡೇರೇ, ಎತ್ತರ ಬೇಕಾ, ಚಕ್ರ ನೆಲ ಬಿಡದೇ ಇರೋದು ಬೇಕಾ?" ಎಷ್ಟು ಮೂಟೆ ಹೇರುತ್ತೀರಿ, ಎಷ್ಟು ಜನ ಕೂರುತ್ತೀರಿ ಅಂತ ಎಲ್ಲ ವಿಚಾರಿಸಿಯೇ ಕೈ ಹಾಕಿದ್ದು. ಜಾಸ್ತಿ ಹಾಕಿದ್ದ ಪ್ಲೇಟ್ ನಾಲ್ಕೂ ಹೊರಗೆ ಬಂದವು. ಉದ್ದದ ಶ್ಯಾಕಲ್ ಕೂಡ ಹೋಯಿತು. ಶ್ಯಾಕಲ್ 2 ಇಂಚು ಉದ್ದ ಮಾಡಿದರೆ ಗಾಡಿ ಏಳುವುದು ಸುಮಾರು 1 ಇಂಚು ಮಾತ್ರ. ಜಿಪ್ಸಿಯಲ್ಲಿ ಮುಂದಿನ ಶ್ಯಾಕಲ್ ಇರುವುದು ಪ್ಲೇಟಿನ ಮುಂತುದಿಗೆ, ಅದನ್ನು ಉದ್ದ ಮಾಡಿದರೆ ಕ್ಯಾಸ್ಟರ್ (ಸ್ಟೇರಿಂಗ್ ನೆಟ್ಟಗೆ ನಿಲ್ಲಿಸುವ, ಮುಂಚಕ್ರ ತಿರುಗುವ ಅಚ್ಚಿನ ಹಿಂದಕ್ಕಿರುವ ವಾಲು) ಕಡಿಮೆಯಾಗಿ ಸ್ಟೇರಿಂಗ್ ಅಲೆದಾಡುತ್ತದೆ. ಘಟ್ಟದಲ್ಲಿ ನನಗೆ ಆಗುತ್ತಿದ್ದದ್ದು ಇದೇ ಅಲ್ವಾ!

ನನಗೆ ಮರೆಯಲಾಗದ್ದು ಅವರು ಪ್ಲೇಟ್ ಬಿಡಿಸಿಟ್ಟು ತೋರಿಸಿದ್ದು. ಮೇನ್ ಲೀಫಿನ (ಎಲ್ಲಕ್ಕಿಂತ ಮೇಲಿನ ಉದ್ದದ ಪ್ಲೇಟಿನ) ಹೊಟ್ಟೆಯಲ್ಲಿ ಉಗುರು ಕೂರುವಷ್ಟು ಗೀರು ಬಿದ್ದಿತ್ತು, ಕೆಳಗಿನ ಪ್ಲೇಟಿನ ಚೂಪು ತುದಿ ಉಜ್ಜಿ ಉಜ್ಜಿ ಆದದ್ದು. ಪ್ಲೇಟ್ ತುಂಡಾಗುವುದು ಇಂಥ ಗೀರಿನಿಂದಲೇ ಅಂದರು. ಆ ಲೀಫ್ ಬದಲಿಸಿದರು, ಉಳಿದ ಎಲ್ಲ ತುದಿಗಳನ್ನೂ ಗ್ರೈಂಡರಿನಲ್ಲಿ ಗುಂಡಗೆ ಮಾಡಿದರು, ತುಕ್ಕು ಕೆರೆದು ಗ್ರಾಫೈಟ್ ಗ್ರೀಸ್ ಹಚ್ಚಿ ಜೋಡಿಸಿದರು. ಯು ಬೋಲ್ಟ್ ಎಲ್ಲ ಹೊಸದು, ಹಳೇದು ಒಮ್ಮೆ ಎಳೆದುಕೊಂಡದ್ದು ಮತ್ತೆ ಹಾಕಬಾರದಂತೆ.

ಪ್ಲೇಟಿನ ತುದಿಯ ರಬ್ಬರ್ ಬುಷ್ಷಿನ ಬೋಲ್ಟನ್ನು ಜಾಕ್ ಮೇಲೆ ಇರುವಾಗ ಪೂರ್ತಿ ಬಿಗಿ ಮಾಡಲಿಲ್ಲ. ಗಾಡಿ ಕೆಳಗಿಳಿಸಿ, ಭಾರ ಚಕ್ರದ ಮೇಲೆ ಕೂತ ಮೇಲೆಯೇ ಕೊನೆಯ ಬಿಗಿ. ಗಾಳಿಯಲ್ಲೇ ಬಿಗಿದರೆ ರಬ್ಬರ್ ಬುಷ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೊನೆಗೆ ಒಂದೊಂದೇ ಚಕ್ರ ಪೂರ್ತಿ ಜೋತುಬಿಟ್ಟು, ಬ್ರೇಕ್ ಹೋಸ್ ಎಳೆಯುತ್ತದಾ, ಶಾಕ್ ಅಬ್ಸಾರ್ಬರ್ ಗಿಡ್ಡ ಆಗುತ್ತದಾ ಅಂತ ಬೆರಳಿಟ್ಟು ನೋಡಿದರು.

ಬೇಜಾರು ಅಂದರೆ ಸಮಯ. ಎರಡು ದಿನ ಅಂದದ್ದು ಐದು ದಿನ ಆಯಿತು, ಅಷ್ಟು ದಿನ ತೋಟದ ಕೆಲಸ ನಿಂತಿತು. ಫೋನ್ ಮಾಡಿ ತಿಳಿಸುವ ಅಭ್ಯಾಸವೂ ಅವರಿಗಿಲ್ಲ. ಬಿಲ್ ಬೇಕಿದ್ದರೆ ಮೊದಲೇ ಹೇಳಿ, ಇಲ್ಲದಿದ್ದರೆ ಚೀಟಿಯಲ್ಲಿ ಬರೆದು ಕೊಡುತ್ತಾರೆ ಅಷ್ಟೇ.

ಈಗ ಗಾಡಿ ಮೊದಲಿಗಿಂತ ಗಿಡ್ಡ. ಆದರೆ ಬೆಟ್ಟದ ಅದೇ ಗುಂಡಿಯಲ್ಲಿ ನಾಲ್ಕೂ ಚಕ್ರ ಮಣ್ಣು ಹಿಡಿದು ಹತ್ತುತ್ತದೆ, ಹಿಂದೆ ಕೂತ ಅಮ್ಮ ಸೊಂಟ ನೋವು ಅನ್ನಲಿಲ್ಲ. 500 ಕಿಲೋಮೀಟರ್ ಆದ ಮೇಲೆ ಬನ್ನಿ ಅಂದಿದ್ದರು, ಹೋದೆ. ಯು ಬೋಲ್ಟಿನ ಪ್ರತಿ ನಟ್ಟೂ ಅರ್ಧ ಸುತ್ತು ತಿರುಗಿತು. ಅದಕ್ಕೆ ದುಡ್ಡು ತಗೊಳ್ಳಲಿಲ್ಲ.